ಲಿಫ್ಟಪ್ಪನವರ ರಿಲೇ ಪೆಟ್ಟಿಗೆ

ಲಿಫ್ಟಪ್ಪನವರಿಗೆ ಆ ದಿನ ಊಟ ಸೇರಲಿಲ್ಲ. (ಅಂದರೆ, ಮೂರನೆಯ ಸಲ ಬಡಿಸಿಕೊಳ್ಳಲಿಲ್ಲ ಎಂದರ್ಥ.) ಕಾರಣ ಇಷ್ಟೇ: ಅವರು ಕಟ್ಟಿಕೊಂಡ ಹೆಂಡತಿಯೇ ಅವರು ಸಾಕಿಕೊಂಡ ರಿಲೇ ಪೆಟ್ಟಿಗೆಗೆ ಮರಣದಂಡನೆ ಬರೆಯಲು ಹೊರಟಿದ್ದಳು.

ನಾಲ್ಕು ಮಹಡಿಯ ಆ ಕಟ್ಟಡದ ಹಳೆಯ ಲಿಫ್ಟಿಗೆ ಅವರೇ ಮೆಕ್ಯಾನಿಕ್ಕು, ಅವರೇ ವಕೀಲರು. ಹಾಗಾಗಿ ಎಲ್ಲರ ಬಾಯಲ್ಲೂ ಲಿಫ್ಟಪ್ಪನೆಂದೇ ಆಗಿದ್ದರು. ಮನೆ ಎಲ್ಲಕ್ಕಿಂತ ಮೇಲಿನ, ನಾಲ್ಕನೆಯ ಮಹಡಿಯಲ್ಲಿ. ಅದರ ತಲೆಯ ಮೇಲಿನ ಕೋಣೆಯಲ್ಲಿ ಲಿಫ್ಟನ್ನು ಆಡಿಸುವ ಪೆಟ್ಟಿಗೆ. ಯಾರಾದರೂ ಗುಂಡಿ ಒತ್ತಿದರೆ ಅದರೊಳಗಿನ ಒಂದು ರಿಲೇ (ಕರೆಂಟು ಬಂದರೆ ತಾನೇ ಒತ್ತಿಕೊಳ್ಳುವ ಸ್ವಿಚ್ಚು) ಟಕ್ಕೆಂದು ಕಚ್ಚಿಕೊಂಡು ಇನ್ನೊಂದನ್ನು ಎಬ್ಬಿಸುತ್ತದೆ, ಅದು ಮತ್ತೊಂದನ್ನು. ಕೊನೆಗೆ ಲಿಫ್ಟ್ ಹೊರಡುತ್ತದೆ. ಬೇರೆಯವರಿಗೆ ಅದು ಬರೀ ಟಕಟಕ. ಲಿಫ್ಟಪ್ಪನವರಿಗೆ ಸಂಗೀತ ಕಛೇರಿ. ಮನೆಗೆ ಬಂದಾಗಲೆಲ್ಲ ಲಿಫ್ಟಿನ ಗೋಡೆಗೆ ಕಿವಿಯಿಟ್ಟು, ಮೇಲೆ ರಿಲೇಗಳು ಒಂದೊಂದಾಗಿ ಬಿಟ್ಟುಕೊಳ್ಳುವ ಸದ್ದು ಕೇಳಿ, ಆಮೇಲೆಯೇ ಕಾಲು ಹೊರಗಿಡುವುದು ಅವರ ನಿತ್ಯನೇಮ.

ಇಂಥ ಪೆಟ್ಟಿಗೆಗೆ ಇತ್ತೀಚೆಗೆ ಅಪವಾದ ಬಂದಿತ್ತು. ಲಿಫ್ಟ್ ಆಗಾಗ ತಾನಾಗಿಯೇ ಎರಡನೆಯ ಮಹಡಿಗೆ ಹೋಗಿ ಬಾಗಿಲು ತೆರೆದು ನಿಲ್ಲುತ್ತಿತ್ತು. ಒಳಗೆ ನರಪಿಳ್ಳೆಯೂ ಇಲ್ಲ! ಅಲ್ಲಿ ಒಂಟಿಯಾಗಿದ್ದ ನಿವೃತ್ತ ಹೆಡ್‌ಮಿಸ್ಟ್ರೆಸ್ಸು ಬೆಚ್ಚಿಬಿದ್ದು ಕಟ್ಟಡದ ಸಂಘದ ಕಾರ್ಯದರ್ಶಿಗೆ ದೂರು ಕೊಟ್ಟರು. ಕಾರ್ಯದರ್ಶಿ ಯಾರೆಂದರೆ, ಲಿಫ್ಟಪ್ಪನವರ ಧರ್ಮಪತ್ನಿ.

"ಭಾನುವಾರದ ಸಭೇಲಿ ಹೊಸ ಪೆಟ್ಟಿಗೆಗೆ ಸಹಿ ಹಾಕ್ತೀನಿ. ಹಳೇದು ಗುಜರಿಗೆ," ಎಂದಳು ಆಕೆ.

"ಗುಜರಿಗಾ! ಅದೇನು ತಪ್ಪು ಮಾಡಿದೆ?"

"ವಯಸ್ಸಾಗಿದೆ."

"ನನಗೂ ವಯಸ್ಸಾಗಿದೆ!"

"ನಿಮ್ಮನ್ನ ಗುಜರಿಯವನು ತಗೊಳ್ಳಲ್ಲ. ವಿಚಾರಿಸಿದೀನಿ."

ಲಿಫ್ಟಪ್ಪನವರು ತಟ್ಟೆ ಬಿಟ್ಟು ಎದ್ದರು. ಮದುವೆಗಿಂತ ಮೊದಲಿನಿಂದಲೂ ಕುಂಚ ಹಿಡಿದು ಧೂಳು ಗುಡಿಸಿ ಸಲಹಿದ ಪೆಟ್ಟಿಗೆ ಅದು. ಪೆಟ್ಟಿಗೆ ಹೋದರೆ ತಾವೂ ಹೋದಂತೆಯೇ ಎಂದು ಅವರಿಗೆ ನಿಜವಾಗಿ ಅನ್ನಿಸಿತು. ಅದು ನಿರಪರಾಧಿ ಎಂದು ತೋರಿಸಲೇಬೇಕು.

ಮರುದಿನವೇ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಮೈಕ್ರೋಕಂಟ್ರೋಲರ್, ಅಂದರೆ ಚಿಪ್ಪಿನೊಳಗಿನ ಪುಟ್ಟ ಕಂಪ್ಯೂಟರು, ತಂದರು. ಪ್ರತಿ ರಿಲೇಯಿಂದ ಒಂದೊಂದು ತಂತಿ ಎಳೆದು, ದೊಡ್ಡ ಕರೆಂಟು ಪುಟ್ಟ ಚಿಪ್ಪನ್ನು ಸುಡದಂತೆ ನಡುವೆ ರಕ್ಷಣೆ ಕಟ್ಟಿ, ಯಾವ ರಿಲೇ ಕಚ್ಚಿದರೂ ಮನೆಯ ಮೇಜಿನ ಮೇಲಿಟ್ಟ ಹಳೆಯ ಮೊಬೈಲು ಅದನ್ನು ಸಾರಿ, ಬರೆದೂ ಇಡುವಂತೆ ಮಾಡಿದರು. ಸಾರುವ ಧ್ವನಿಯೂ ಅವರದೇ, ಆಸ್ಥಾನದ ಹೊಗಳುಭಟರ ಠೀವಿಯಲ್ಲಿ.

"ಮೂರನೆಯ ಮಹಡಿ! ದ್ವಾರ ಮುಕ್ತ! ದ್ವಾರ ಮುಕ್ತ! ದ್ವಾರ ಮುಕ್ತ!"

"ಒಂದ್ಸಲ ಹೇಳಿದ್ರೆ ಕೇಳಿಸುತ್ತೆ!" ಹೆಂಡತಿ ಅಡುಗೆಮನೆಯಿಂದ ಕೂಗಿದಳು.

"ರಿಲೇ ಕಚ್ಚೋವಾಗ ಒಂಚೂರು ನಡುಗುತ್ತೆ ಕಣೇ. ಒಂದು ಕಚ್ಚು ಚಿಪ್ಪಿಗೆ ಮೂರಾಗಿ ಕಾಣುತ್ತೆ. ಮೊದಲನೇದನ್ನ ಕೇಳಿ ಉಳಿದದ್ದನ್ನ ಕಿವಿಗೆ ಹಾಕ್ಕೋಬೇಡ ಅಂತ ಅದಕ್ಕೆ ಕಲಿಸ್ತೀನಿ."

"ಮೊದಲನೇದನ್ನಾದ್ರೂ ಕೇಳುತ್ತಲ್ಲ, ನಿಮಗಿಂತ ವಾಸಿ."

ವಾರವಿಡೀ ಮೊಬೈಲು ಸಾರಿತು. ಹೆಂಡತಿ ಮೊದಮೊದಲು ಗೊಣಗಿದಳು. ಆಮೇಲೆ ಯಾಕೋ ಗೊಣಗುವುದನ್ನು ಬಿಟ್ಟು ಸುಮ್ಮನೆ ಕಿವಿಗೊಟ್ಟು ನಗತೊಡಗಿದಳು. (ಹೆಂಡತಿ ಗೊಣಗುವುದನ್ನು ಬಿಟ್ಟರೆ ಗಂಡಸರು ಎಚ್ಚೆತ್ತುಕೊಳ್ಳಬೇಕು. ಲಿಫ್ಟಪ್ಪನವರು ಎಚ್ಚೆತ್ತುಕೊಳ್ಳಲಿಲ್ಲ.)

ಭಾನುವಾರ ಸಭೆ ಸೇರಿದ್ದು ನಾಲ್ಕನೆಯ ಮಹಡಿಯ ಲಿಫ್ಟಿನ ಎದುರಿಗೇ. ಲಿಫ್ಟಪ್ಪನವರು ಗಂಟಲು ಸರಿಮಾಡಿಕೊಂಡರು.

"ಮಹನೀಯರೇ, ಪೆಟ್ಟಿಗೆ ನಿರಪರಾಧಿ! ಲಿಫ್ಟ್ ಸುಮ್ಮಸುಮ್ಮನೆ ಎರಡನೇ ಮಹಡಿಗೆ ಹೋಗಿಲ್ಲ. ಪ್ರತಿ ಸಲವೂ ಒಳಗಿನ ಗುಂಡಿಯಿಂದ ಆಜ್ಞೆ ಬಂದಿದೆ. ಯಾರೋ ಕಿಡಿಗೇಡಿ ಗುಂಡಿ ಒತ್ತಿ ಇಳಿದು ಹೋಗ್ತಾ ಇದಾನೆ. ಖಾಲಿ ಲಿಫ್ಟ್ ಪಾಪ, ಹೇಳಿದ ಮಾತು ಕೇಳಿದೆ!"

"ಅಯ್ಯೋ, ದೆವ್ವ ಅಲ್ವಾ?" ಹೆಡ್‌ಮಿಸ್ಟ್ರೆಸ್ಸಿಗೆ ಸ್ವಲ್ಪ ನಿರಾಸೆಯೇ ಆಯಿತು.

"ದೆವ್ವಾನೂ ಇಲ್ಲ, ಭೂತಾನೂ ಇಲ್ಲ. ಆ ದುರುಳ ಸಿಕ್ಕಲಿ, ಇನ್ನು ಮೇಲೆ ಅವನಿಗೆ ಮೆಟ್ಟಿಲೇ ಗತಿ ಅಂತ ಮಾಡಿ!"

"ಆಗಲಿ," ಎಂದಳು ಕಾರ್ಯದರ್ಶಿ, ಮನೆಯಿಂದ ತಂದಿದ್ದ ಆ ಮೊಬೈಲನ್ನು ಎಲ್ಲರಿಗೂ ಕೇಳುವಂತೆ ಎತ್ತಿ ಹಿಡಿದು. "ಈಗ ನೀವು ಕೆಳಗೆ ಹೋಗಿ, ದಿನಾ ಬರೋ ಹಾಗೇ ಒಂದ್ಸಲ ಬನ್ನಿ. ನಿಮ್ಮ ಪೆಟ್ಟಿಗೆ ಹೇಗೆ ಕೆಲಸ ಮಾಡುತ್ತೆ ಅಂತ ಎಲ್ಲರೂ ನೋಡಲಿ."

ಕೊನೆಗೂ ಹೆಂಡತಿ ತಮ್ಮ ಪರ! ಲಿಫ್ಟಪ್ಪನವರು ಉಬ್ಬಿಹೋದರು. ಕೆಳಗಿಳಿದರು, ಗುಂಡಿ ಒತ್ತಿದರು, ಮೇಲೆ ಬಂದರು. "ನಾಲ್ಕನೆಯ ಮಹಡಿ! ದ್ವಾರ ಮುಕ್ತ!" ಎಂದಿತು ಮೊಬೈಲು. ಬಾಗಿಲು ತೆರೆಯಿತು. ಲಿಫ್ಟಪ್ಪನವರು ಅಭ್ಯಾಸದಂತೆ ಕಣ್ಣು ಮುಚ್ಚಿ, ಗೋಡೆಗೆ ಕಿವಿಯಾನಿಸಿ, ಪರಮಾನಂದದಲ್ಲಿ ರಿಲೇಗಳ ಸದ್ದು ಕೇಳಿದರು. ಕಿವಿ ಗೋಡೆಯನ್ನು ಮುಟ್ಟುವ ಮುಂಚೆಯೇ ಅವರ ಘನವಾದ ಹೊಟ್ಟೆ ಗುಂಡಿಗಳ ಸಾಲನ್ನು ಮುಟ್ಟಿತ್ತು.

"ಒಳಗಿನಿಂದ ಆಜ್ಞೆ! ಎರಡನೆಯ ಮಹಡಿ!" ಲಿಫ್ಟಪ್ಪನವರದೇ ಧ್ವನಿ ಮೊಬೈಲಿನಲ್ಲಿ ಗುಡುಗಿತು.

ಲಿಫ್ಟಪ್ಪನವರು ಕಣ್ಣು ಬಿಟ್ಟರು. ಎದುರಿಗಿದ್ದವರೆಲ್ಲ ಅವರ ಮುಖವನ್ನು ಬಿಟ್ಟು ಬೇರೆಲ್ಲೋ ನೋಡುತ್ತಿದ್ದರು. ಅವರೂ ಅತ್ತ ಬಗ್ಗಿ ನೋಡಿದರು. ಅವರ ಅಂಗಿಯ ಗುಂಡಿಯ ಪಕ್ಕದಲ್ಲೇ ಲಿಫ್ಟಿನ ಗುಂಡಿ ಕೆಂಪಗೆ ಹೊಳೆಯುತ್ತಿತ್ತು. ಗಾಬರಿಯಿಂದ ಹೊರಗೆ ಹಾರಿದರು. ಬಾಗಿಲು ಮುಚ್ಚಿತು. ಖಾಲಿ ಲಿಫ್ಟ್ ವಿಧೇಯವಾಗಿ ಎರಡನೆಯ ಮಹಡಿಗೆ ಹೊರಟಿತು.

"ಈ ವಾರವೆಲ್ಲ ಮೊಬೈಲು ಹೀಗೆ ಕೂಗಿದ ತಕ್ಷಣ ನಮ್ಮನೆ ಕಾಲಿಂಗ್ ಬೆಲ್ ಆಗ್ತಿತ್ತು," ಎಂದಳು ಹೆಂಡತಿ. "ಬಾಗಿಲು ತೆಗೆದ್ರೆ ಪ್ರತಿ ಸಲವೂ ಇವರೇ."

ಹೆಡ್‌ಮಿಸ್ಟ್ರೆಸ್ಸು ಗೋಡೆ ಹಿಡಿದುಕೊಂಡು ನಗುತ್ತಿದ್ದರು. ಕಾರ್ಯದರ್ಶಿ ಮಾತ್ರ ಗಂಭೀರವಾಗಿ ಹಾಳೆ ಬಿಡಿಸಿದಳು. "ನಿರ್ಣಯ ಒಂದೇ. ಹಳೇ ಪೆಟ್ಟಿಗೆ ಇಲ್ಲೇ ಉಳಿಯಲಿ, ಮೆಕ್ಯಾನಿಕ್ಕು ಮೆಟ್ಟಿಲಲ್ಲಿ ಓಡಾಡಲಿ, ಮತ್ತು..."

'ಉಳಿಯಲಿ' ಎನ್ನುವುದು ಕಿವಿಗೆ ಬಿದ್ದದ್ದೇ ತಡ, ಲಿಫ್ಟಪ್ಪನವರ ಕಣ್ಣು ತುಂಬಿಬಂದು ಕೈ ಎಲ್ಲರಿಗಿಂತ ಮೊದಲು ಮೇಲೆದ್ದಿತ್ತು. ಉಳಿದದ್ದನ್ನು ಕೇಳುವ ಗೋಜಿಗೆ ಅವರು ಹೋಗಲಿಲ್ಲ. ನಿರ್ಣಯ ಸರ್ವಾನುಮತದಿಂದ ಪಾಸಾಯಿತು.

ಸಭೆಯ ಚಹಾ ಕೆಳಗೆ ಅಂಗಳದಲ್ಲಿತ್ತು. ಎಲ್ಲರೂ ಲಿಫ್ಟಿನಲ್ಲಿ ಇಳಿದರು. ಲಿಫ್ಟಪ್ಪನವರು ಮೆಟ್ಟಿಲಿಳಿದು, ಏದುಸಿರು ಬಿಡುತ್ತ ಬಂದು, ಹೋಗಲಿ, ಪೆಟ್ಟಿಗೆ ಉಳಿಯಿತಲ್ಲ ಎಂಬ ತೃಪ್ತಿಯಲ್ಲಿ ಬಿಸ್ಕತ್ತಿನ ತಟ್ಟೆಗೆ ಕೈ ಹಾಕಿದರು. ಹೆಂಡತಿ ತಟ್ಟೆಯನ್ನು ಮೆಲ್ಲಗೆ ಆಚೆಗೆ ಸರಿಸಿದಳು.

"ಅದೂ ನಿರ್ಣಯದಲ್ಲೇ ಇದೆ," ಎಂದಳು. "ನೀವೇ ಮೊದಲು ಕೈ ಎತ್ತಿದ್ದು."