ನಲವತ್ತು ಫೋನುಗಳ ಆಲಾಪ

ತನ್ನ ಹಾಡಿನ ಬೆಲೆ ತಿಳಿಯದವನಿಗೆ ಮಗಳನ್ನು ಕೊಡುವುದಿಲ್ಲ ಎಂಬುದು ಬಸಕ್ಕನ ಹಟ. ಈಶಪ್ಪನ ಕಷ್ಟ ಶುರುವಾದದ್ದು ಅಲ್ಲಿಂದ.

ಹಾಡೆಂದರೆ ಪೂರ್ತಿ ಹಾಡೂ ಅಲ್ಲ. ಇಪ್ಪತ್ತಾರು ವರ್ಷಗಳ ಹಿಂದೆ, ನಾಟಕ ಕಂಪನಿಯಲ್ಲಿದ್ದಾಗ, ಬಸಕ್ಕ ಒಂದು ಸಿನಿಮಾ ಹಾಡಿನ ನಡುವೆ ಅರ್ಧ ನಿಮಿಷ ಆಲಾಪ ಮಾಡಿದ್ದಳು. ಸಿನಿಮಾ ಒಂದು ವಾರವೂ ಓಡಲಿಲ್ಲ. ರಾಜಗೋಪಾಲನಗರದ ಅವಳ ವಠಾರದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ, ಹಾಗಾಗಿ ನಂಬಿಯೂ ಇರಲಿಲ್ಲ. ಇದೇ ಕಾರಣಕ್ಕೆ ಇಬ್ಬರು ವರರು ಅವಲಕ್ಕಿ ತಿಂದು ವಾಪಸಾಗಿದ್ದರು.

"ಅವ್ವನ್ನ ಒಪ್ಪಿಸು, ಆಮ್ಯಾಲ ನನ್ನ ಕೇಳು," ಎಂದಿದ್ದಳು ಮಗಳು ಮಹಾನಂದಾ.

ಈಶಪ್ಪ ಪೀಣ್ಯದಲ್ಲಿ ಲೇಥ್ ಓಡಿಸುವವನು. ಪಕ್ಕದ ಕೋಣೆಯ ಹುಡುಗರು ತಮ್ಮ ಹೀರೋನ ಹಳೆಯ ಹಾಡುಗಳನ್ನು ಫೋನಿನಲ್ಲಿ ಮತ್ತೆ ಮತ್ತೆ ತಿರುಗಿಸಿ, ಒಂದು ಪುಟ್ಟ ಆ್ಯಪಿನ ಹಳೆಯ ಹಾಡುಗಳ ಪಟ್ಟಿಯಲ್ಲಿ ಮೇಲೇರಿಸುವುದನ್ನು ಅವನು ನೋಡಿದ್ದ. ಅದರಲ್ಲಿ ಬಸಕ್ಕನ ಹಾಡನ್ನು ಹುಡುಕಿದ. ಮುನ್ನೂರ ಹನ್ನೆರಡನೆಯ ಸ್ಥಾನದಲ್ಲಿ, ಬಾವಿಯ ತಳದ ಕೊಡದಂತೆ ಬಿದ್ದಿತ್ತು. ಬೆಳಗ್ಗಿನಿಂದ ಸಂಜೆ ಐದರವರೆಗೆ ಯಾವ ಹಾಡು ಹೆಚ್ಚು ತಿರುಗುವುದೋ ಅದಕ್ಕೆ ಆ ದಿನದ ಮೊದಲ ಸ್ಥಾನ. ದನಿಯಿಲ್ಲದೆ ತಿರುಗಿಸಿದರೆ ಲೆಕ್ಕಕ್ಕಿಲ್ಲ.

ಕಾರ್ಖಾನೆಯೊಳಗೆ ಫೋನು ಒಯ್ಯುವಂತಿರಲಿಲ್ಲ. ನಲವತ್ತು ಜನರ ಫೋನುಗಳು ಗೇಟಿನ ಕೋಣೆಯ ಮರದ ಗೂಡುಗಳಲ್ಲಿ ಪಾರಿವಾಳಗಳಂತೆ ಇಡೀ ದಿನ ಕೂತಿರುತ್ತಿದ್ದವು. ಅಷ್ಟೊಂದು ಮೌನ ವ್ಯರ್ಥವಾಗುತ್ತಿದೆ ಎನ್ನಿಸಿತು ಈಶಪ್ಪನಿಗೆ. ಶುಕ್ರವಾರ ಬೆಳಗ್ಗೆ ಗೇಟಿನಲ್ಲೇ ಎಲ್ಲರನ್ನೂ ತಡೆದು, ಬಸಕ್ಕನ ಹಾಡು ಹಚ್ಚಿಯೇ ಫೋನು ಇಡಿರೆಂದು ಬೇಡಿದ.

"ಡಾಟಾ ಯಾರಪ್ಪಂದಲೇ?" ಎಂದ ವೆಲ್ಡರ್ ಯಮನೂರ.

"ದಿನಕ್ಕ ಒಂದೂವರೆ ಜಿಬಿ ಹೆಂಗೂ ಸಾಯ್ತೈತಲ್ಲೋ! ಒಂದು ಲಗ್ನಕ್ಕ ಸಾಯಲಿ ಬಿಡು."

"ಮನಿಯಾಕಿ ಫೋನ್ ಮಾಡಿದ್ರ?"

"ಮರೆಪ್ಪ ಕಾಕಾ ಎತ್ತತಾನ."

ಸೆಕ್ಯೂರಿಟಿ ಮರೆಪ್ಪ ಲಿಂಗಸೂಗೂರಿನ ಕಡೆಯ ಮುದುಕ. ನಲವತ್ತು ಫೋನುಗಳನ್ನೂ ನಲವತ್ತು ತುಂಟ ಮಕ್ಕಳಂತೆ ನೋಡಿದ. "ನಿಂತ್ರ ಮತ್ತ ಒತ್ತೋದು, ಅಷ್ಟೇ ಹೌದಿಲ್ಲೋ?"

"ಅಷ್ಟೇ ಕಾಕಾ. ಎಷ್ಟನೇ ನಂಬರಿಗೆ ಬಂತು ಅಂತ ಹಲಗಿ ಮ್ಯಾಲ ಬರೀತಿರು."

ಒಂದೇ ಹಾಡು ನಲವತ್ತು ಕಡೆ ಹಿಂದೆಮುಂದೆ ಶುರುವಾಗಿ ಜೇನುಹುಳುಗಳ ಹಿಂಡಿನಂತೆ ಎದ್ದಿತು. ಗೇಟಿನಿಂದ ಹೊರಟು ರಸ್ತೆಯ ಧೂಳಿನ ಮೇಲೆ ನಿಧಾನ ತೇಲಿತು. ಕಬ್ಬಿಣ ಇಳಿಸುತ್ತಿದ್ದ ಹಮಾಲರ ಕೈಗಳು ನೀರೊಳಗಿನ ಕೈಗಳಂತೆ ಚಲಿಸತೊಡಗಿದವು. ಲಾರಿ ಚಾಲಕನೊಬ್ಬ ಹಾರ್ನ್ ಒತ್ತಲು ಹೋಗಿ, ಏಕೆಂದು ಮರೆತು, ಕೈಯನ್ನು ಹಾಗೇ ಗಾಳಿಯಲ್ಲಿ ಇಟ್ಟುಕೊಂಡ.

ಒಳಗಿದ್ದ ಈಶಪ್ಪನಿಗೆ ಇದಾವುದೂ ಕೇಳಲಿಲ್ಲ. ಅವನ ಕಿವಿಯಲ್ಲಿ ಲೇಥಿನ ಸದ್ದು, ಕಣ್ಣೆಲ್ಲ ಕಿಟಕಿಯಾಚೆಯ ಹಲಗೆಯ ಮೇಲೆ. ತೊಂಬತ್ತು. ನಲವತ್ತೊಂದು. ಹದಿನೇಳು. ಲೇಥಿನಿಂದ ಸುರುಳಿಸುರುಳಿಯಾಗಿ ಏಳುತ್ತಿದ್ದ ಉಕ್ಕಿನ ಹೊಟ್ಟು ಮಹಾನಂದಾಳ ಮುಂಗುರುಳಿನಂತೆ ಕಂಡಿತು. ಅದನ್ನು ನೋಡುತ್ತ ಮೂರು ಶಾಫ್ಟ್ ಕೆಡಿಸಿದ.

"ಏನ್ ಗುರು, ಶಾಫ್ಟ್ ಮಾಡು ಅಂದ್ರೆ ಲಟ್ಟಣಿಗೆ ಮಾಡ್ತಿದೀಯಾ?" ಸೂಪರ್‌ವೈಸರ್ ವಸಂತ್ ಬಂದು ನಿಂತ. "ಗೇಟಲ್ಲಿ ಅದೇನು ಆರ್ಕೆಸ್ಟ್ರಾ? ಬಂದ್ ಮಾಡಿಸ್ತೀನಿ ತಡಿ!"

ಗೇಟಿನ ಕಡೆ ಹೋದ ವಸಂತ್ ಅರ್ಧ ಗಂಟೆ ಬರಲಿಲ್ಲ. ಬಂದಾಗ ಮುಖ ಮೆತ್ತಗಾಗಿತ್ತು. "ನಮ್ಮಮ್ಮನ ಜ್ಞಾಪಕ ಬಂದ್ಬಿಡ್ತು ಕಣೋ," ಎಂದು ಕ್ಯಾಂಟೀನಿನತ್ತ ನಡೆದ.

ಮಧ್ಯಾಹ್ನ ಯಮನೂರನ ಹೆಂಡತಿಯ ಕರೆ ಬಂತು. ಮರೆಪ್ಪ ಎತ್ತಿ, "ತಡಿಯವ್ವಾ, ಚರಣ ಮುಗೀಲಿ," ಎಂದು ಇಟ್ಟುಬಿಟ್ಟ. ಗಂಡನ ಫೋನಿನಲ್ಲಿ ಯಾರದೋ ದನಿ ಕೇಳಿ ಹೆಂಡತಿ ಗಾಬರಿಯಾಗಿ ಆಫೀಸಿಗೆ ಮಾಡಿದಳು. ಗಂಡ ಹೇಗಿದ್ದಾನೆ, ಯಾವ ಆಸ್ಪತ್ರೆ ಎಂದು ಅತ್ತಳು. ಯಮನೂರ ಬಂದು ಈಶಪ್ಪನ ಕಾಲರ್ ಹಿಡಿದ. "ಲೇ, ನಿನ್ನ ಲಗ್ನಕ್ಕ ನನ್ನ ಹೆಂಡ್ತಿನ್ನ ಮುಂಡಿ ಮಾಡ್ತೀಯೇನೋ!"

ಅಷ್ಟರಲ್ಲಿ ಹಲಗೆಯ ಮೇಲೆ 'ಮೂರು' ಎಂದಿತ್ತು. ಈಶಪ್ಪ ಬೈಗುಳವನ್ನೂ ಹಾರದಂತೆ ಕೊರಳಿಗೆ ಹಾಕಿಸಿಕೊಂಡ.

ಐದಕ್ಕೆ ಅವನು ಹೊರಗೋಡಿದಾಗ, ಅವನು ಮೊದಲೇ ಹೇಳಿದ್ದಂತೆ ಮಹಾನಂದಾ ತಾಯಿಯನ್ನು ಗೇಟಿಗೆ ಕರೆತಂದಿದ್ದಳು. ಹಲಗೆಯ ಮೇಲೆ ದೊಡ್ಡದಾಗಿ 'ಒಂದು.' ಮಗಳಿಂದ ಅದರ ಅರ್ಥ ತಿಳಿದ ಬಸಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಯಾರಪ್ಪಾ ಇದನ್ನ ಮಾಡಿದ್ದು?"

"ನಾನ್ರಿ ಅತ್ತಿ," ಎಂದುಬಿಟ್ಟ ಈಶಪ್ಪ.

ಬಸಕ್ಕ ಆ ಮಾತಿಗೆ ಸಿಟ್ಟಾಗಲಿಲ್ಲ. ಮೊದಲ ಬಾರಿಗೆ ಅವನನ್ನು ಮುಖವೆತ್ತಿ ನೋಡಿದಳು. "ಹಂಗಾರ ಹೇಳು ತಮ್ಮಾ, ನನ್ನ ದನಿ ಎಲ್ಲಿ ಬರತೈತಿ?"

ಈಶಪ್ಪ ಹಲಗೆಯತ್ತ ನೋಡಿದ. ಹಾಡನ್ನು ಹುಡುಕಿದ್ದ, ಏಣಿ ಹತ್ತಿಸಿದ್ದ, ಒಮ್ಮೆಯೂ ಕೇಳಿರಲಿಲ್ಲ. ಅಂಕಿ ನೋಡುವುದರಲ್ಲೇ ದಿನ ಕಳೆದಿತ್ತು.

"ಪಲ್ಲವಿ... ಆದ ಮ್ಯಾಲ?"

"ಅಲ್ಲೋ ಮಾರಾಯಾ," ಎಂದ ಒಳಗಿಂದ ಮರೆಪ್ಪ. ಒಂದು ಫೋನು ಇನ್ನೂ ಅವನ ಕಿವಿಗಂಟಿತ್ತು, ಕಣ್ಣುಗಳು ಮುಚ್ಚಿದ್ದವು. "ಎರಡನೇ ಚರಣ ಮುಗದು, ಕೊಳಲು ನಿಂತ ಮ್ಯಾಲ. ಮೊದಲ ಒಂದು ಉಸರು ಎಳಕೋತಾರ. ಆ ಉಸರೊಳಗ ಏನೋ ಐತಿ... ಆಮ್ಯಾಲ ಹಿಂಗ—" ಎಂದು ಒಡೆದ ಕಂಠದಲ್ಲಿ ಗುನುಗಿದ.

ಬಸಕ್ಕನ ತುಟಿಗಳು ತಾವಾಗಿ ತೆರೆದುಕೊಂಡವು. ಎರಡು ಮುದಿ ದನಿಗಳು ಕೂಡಿ ಗೇಟಿನ ಮೇಲೆದ್ದು ಸಂಜೆಯೊಳಗೆ ಹೋದವು. ಬೈಯಲು ಬಂದಿದ್ದ ಯಮನೂರನೂ ತಲೆದೂಗಿದ.

ಆಲಾಪ ಮುಗಿಯಿತು. ಬಸಕ್ಕ ಕೊರಳು ಸರಿಮಾಡಿಕೊಂಡು ಕೇಳಿದಳು, "ಯಜಮಾನ್ರ, ನಿಮಗ ಗಂಡುಮಕ್ಕಳು ಅದಾರೇನ್ರಿ?"

"ಒಬ್ಬನ ಅದಾನ್ರಿ. ಜಿಗಣಿಯೊಳಗ ಕೆಲಸಕ್ಕದಾನ. ಲಗ್ನಾಗಿಲ್ಲ."

ಮಹಾನಂದಾ ಈಶಪ್ಪನ ಹತ್ತಿರ ಬಂದಳು. "ಒಮ್ಮೆರ ಕೇಳಬಾರದಿತ್ತೇನೋ?"

ಈಶಪ್ಪ ಅವಸರದಿಂದ ಗೂಡಿನೊಳಗಿನ ತನ್ನ ಫೋನನ್ನು ಎಳೆದುಕೊಂಡು ಒತ್ತಿದ, ಮತ್ತೆ ಒತ್ತಿದ. ಚಾರ್ಜ್ ಮುಗಿದಿತ್ತು.