ಸೊಗಡು ಕಳೆದುಕೊಂಡ ಮೂಗು

ಕಾಯಿಲೆ ಬಿದ್ದವರಿಗೆ ಬಾಯಿರುಚಿ ಕೆಡುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಮೂಗಿನ ವಿಷಯವನ್ನು ಮಾತ್ರ ಯಾರೂ ಮುಂಚಿತವಾಗಿ ಹೇಳುವುದಿಲ್ಲ. ಎಂಬತ್ತರ ದಶಕದ ಶುರುವಿನಲ್ಲಿ ನನ್ನ ಕುತ್ತಿಗೆಯಲ್ಲೊಂದು ಗಂಟು ಕಾಣಿಸಿ, ಅದು ಕ್ಯಾನ್ಸರ್ ಎಂದು ತೀರ್ಮಾನವಾಗಿ, ಕಿಮೋಥೆರಪಿ ಶುರುವಾದಾಗ ಡಾಕ್ಟರು ಕೂದಲು ಉದುರುತ್ತದೆ, ವಾಂತಿಯಾಗುತ್ತದೆ, ಸುಸ್ತಾಗುತ್ತದೆ ಎಂದೆಲ್ಲ ಹೇಳಿದ್ದರು. ಕೂದಲಿನ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಉದುರುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ. ಆದರೆ ಮೂಗು ಪೊಲೀಸ್ ನಾಯಿಯ ಮೂಗಾಗಿಬಿಡುತ್ತದೆ ಎಂದು ಅವರು ಹೇಳಿರಲಿಲ್ಲ.

ನಾವಾಗ ರಾಜಗೋಪಾಲನಗರದಲ್ಲಿ ಬಾಡಿಗೆಗಿದ್ದೆವು. ನನಗೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ. ಮೆಷಿನ್ ಎಣ್ಣೆಯ ನಾತದಲ್ಲೇ ಡಬ್ಬಿ ಬಿಚ್ಚಿ ಊಟ ಮಾಡಿ ರೂಢಿಯಾಗಿದ್ದ ಮನುಷ್ಯ, ಈಗ ಇಂಜೆಕ್ಷನ್ ಹಾಕಿಸಿಕೊಂಡು ಬಂದು ಮಲಗಿದರೆ, ಬೀದಿಯ ಕೊನೆಯ ಮನೆಯವರು ಒಗ್ಗರಣೆಗೆ ಹಾಕಿದ್ದು ಇಂಗೋ ಬೆಳ್ಳುಳ್ಳಿಯೋ ಎಂದು ಹೇಳಬಲ್ಲವನಾಗಿದ್ದೆ. ಹೇಳಿದ ಮರುಕ್ಷಣ ಬಕೆಟ್ಟು ಬೇಕಾಗುತ್ತಿತ್ತು. ಹೆಂಡತಿ ಶಾರದ ಒಗ್ಗರಣೆ ನಿಲ್ಲಿಸಿದಳು. ಕಾಫಿ ನಿಲ್ಲಿಸಿದಳು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವುದನ್ನೂ ಬಿಟ್ಟಳು. ಒಂದು ದಿನ ಬಾಗಿಲಲ್ಲಿ ನಿಂತು, "ಒಳಗೆ ಬರ್ಲಾ, ಇಲ್ಲೇ ನಿಂತ್ಕೊಂಡು ಮಾತಾಡ್ಲಾ?" ಎಂದು ಕೇಳಿದಾಗ ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ.

ಇನ್ನು ಹಿತ್ತಲಿನ ತೊಂದರೆ. ಮನೆಯ ಒಡತಿ ಮುನಿಯಕ್ಕ ನಮ್ಮ ಮನೆಯ ಹಿಂದುಗಡೆಯೇ ಇದ್ದರು. ಗಂಡ ತೀರಿಕೊಂಡ ಮೇಲೆ ಹೊಲದ ಒಂದು ಭಾಗದಲ್ಲಿ ಸಾಲುಮನೆ ಕಟ್ಟಿಸಿ ನಮ್ಮಂಥವರಿಗೆ ಬಾಡಿಗೆಗೆ ಕೊಟ್ಟು, ಮಿಕ್ಕದ್ದರಲ್ಲಿ ರಾಗಿ, ಅವರೆ ಬೆಳೆಸುತ್ತಿದ್ದರು. ಅವರ ಸೌದೆ ಒಲೆ ನನ್ನ ಕಿಟಕಿಗೆ ನೇರ. ಅಲ್ಲಿ ಮಸಾಲೆ ಹುರಿದರೆ ಇಲ್ಲಿ ನಾನು ಬಕೆಟ್ಟಿಗೆ ಕೈಚಾಚಬೇಕಾಗುತ್ತಿತ್ತು. ಒಡತಿಗೇ ಅಡುಗೆ ಮಾಡಬೇಡಿ ಎನ್ನಲಾದೀತೇ? ಮುಖಕ್ಕೆ ಟವೆಲ್ ಸುತ್ತಿಕೊಂಡು ಮಲಗುತ್ತಿದ್ದೆ.

ಕೆಲವು ವಾರಗಳ ಮೇಲೆ ಆ ವಾಸನೆ ನಿಂತುಹೋಯಿತು. ನನಗೆ ಎಲ್ಲಿಲ್ಲದ ಹಿಗ್ಗು. ಆಸ್ಪತ್ರೆಗೆ ಹೋದಾಗ, "ಮೂಗು ಸರಿಹೋಗಿದೆ ಡಾಕ್ಟರೇ, ಔಷಧಿ ಮೈಗೆ ಒಗ್ಗಿದೆ" ಎಂದು ದೊಡ್ಡದಾಗಿ ವರದಿ ಒಪ್ಪಿಸಿದೆ. ಅವರೂ ಸಂತೋಷಪಟ್ಟರು. ವಾಪಸ್ ಬರುವಾಗ ಶಾರದ ಬಸ್ಸಿನ ಕಿಟಕಿಯಾಚೆ ನೋಡುತ್ತಾ ಹೇಳಿದಳು: "ಮೂಗು ಸರಿಹೋಗಿಲ್ಲ ಕಣ್ರೀ. ಮುನಿಯಕ್ಕ ಒಲೇನ ಹೊಲದ ಆ ತುದೀಲಿ, ಪಂಪಿನ ಮನೆ ಹತ್ರ ಹಾಕ್ಕೊಂಡಿದ್ದಾರೆ. ನಿಮ್ಗೆ ಹೇಳ್ಬೇಡಿ ಅಂದಿದ್ರು."

ಮಂಡಿನೋವಿನ ಹೆಂಗಸು ದಿನಾ ಮುದ್ದೆಯ ಪಾತ್ರೆ, ಸಾರಿನ ಪಾತ್ರೆ ಹಿಡಿದುಕೊಂಡು ಹೊಲ ದಾಟಿ ಬರುತ್ತಿದ್ದರು. ನಾನು ಇಲ್ಲಿ ಮಲಗಿ ನನ್ನ ಮೂಗನ್ನು ಮೆಚ್ಚಿಕೊಳ್ಳುತ್ತಿದ್ದೆ. ಮರುದಿನ ಹಿತ್ತಲಿಗೆ ಹೋದೆ. ಮುನಿಯಕ್ಕ ನೆನೆಸಿದ ಅವರೆಕಾಳನ್ನು ಹಿತಕಿ ಸಿಪ್ಪೆ ಬಿಡಿಸುತ್ತಾ ಕೂತಿದ್ದರು. ಹಿಂದಿನ ವರ್ಷಗಳಲ್ಲಿ ಅವರು ಕಳಿಸುತ್ತಿದ್ದ ಹಿತಕಿದ ಬೇಳೆ ಸಾರಿಗೆ ನಾನು ಚಳಿಗಾಲ ಬರುವುದನ್ನೇ ಕಾಯುತ್ತಿದ್ದವನು. ಈಗ ದೂರದಲ್ಲೇ ನಿಂತು, "ಒಲೆ ವಾಪಸ್ ತಂದ್ಬಿಡಿ ಮುನಿಯಕ್ಕ" ಎಂದೆ.

"ಅಲ್ಲಿ ಗಾಳಿ ಚೆಂದಾಗದೆ ಸಾರ್, ಹೊಗೆ ಕಣ್ಗೆ ಬರಾಕಿಲ್ಲ. ಇರ್ಲಿ ಬಿಡಿ" ಎಂದರು. ಆಮೇಲೆ ಅಂಗೈ ನೋಡಿಕೊಂಡು, "ಈ ವರ್ಸ ಕಾಯಿ ಬೋ ಸೊಗಡು, ಘಮ್ ಅಂತದೆ. ನೋಡಿ, ಕೈಗೆಲ್ಲ ಎಣ್ಣೆ ಅಂಟ್ತದೆ. ಇಂಥಾ ಬೆಳೆ ನಾನೇ ಕಂಡಿರ್ಲಿಲ್ಲ. ನಿಮ್ಗೆ ಈಗ ಆಗಾಕಿಲ್ಲ. ಮುಂದಿನ ವರ್ಸ ಮೊದ್ಲು ನಿಮ್ಗೇ" ಎಂದರು. ನಾನು ಮೂಗು ಮುಚ್ಚಿಕೊಂಡೇ ಹೂಂ ಅಂದೆ.

ಮುಂದಿನ ವರ್ಷದ ಹೊತ್ತಿಗೆ ಗಂಟು ಕರಗಿತ್ತು. ತಲೆಯಲ್ಲಿ ಗುಂಗುರು ಕೂದಲು ಬಂದು, ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ನನ್ನ ಗುರುತು ಹಿಡಿಯದೆ ತಡೆದ. ಆದರೆ ಅಷ್ಟು ದುಡಿದಿದ್ದ ಮೂಗು ಕೈಕೊಟ್ಟಿತ್ತು. ಯಾವ ವಾಸನೆಯೂ ಇಲ್ಲ. ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಶಾರದಳಿಗೆ ನಾನಿದನ್ನು ಹೇಳಲಿಲ್ಲ. ಎಷ್ಟೋ ತಿಂಗಳ ಮೇಲೆ ಅವಳು ಮೊದಲ ಸಲ ಒಗ್ಗರಣೆ ಹಾಕಿ, ಸೌಟು ಹಿಡಿದುಕೊಂಡೇ ಬಂದು ನನ್ನ ಮುಖ ನೋಡುತ್ತಾ ನಿಂತಿದ್ದಳು. "ಆಹಾ" ಅಂದುಬಿಟ್ಟೆ. ಆವತ್ತಿನಿಂದ ದಿನಾ ಅನ್ನಬೇಕಾಯಿತು.

ಅತ್ತ ಮುನಿಯಕ್ಕನ ಮಕ್ಕಳು ಹೊಲ ಭಾಗ ಮಾಡಿಕೊಂಡು ಶೆಡ್ಡು ಕಟ್ಟುವವರಿಗೆ ಮಾರಿದ್ದರು. ಮುನಿಯಕ್ಕ ಊರಿನ ಆಚೆ ತುದಿಯ ದೊಡ್ಡನೆಕ್ಕುಂದಿಯಲ್ಲಿದ್ದ ಮಗಳ ಮನೆ ಸೇರಿದರು. ಅವರೆಯ ಕಾಲದಲ್ಲಿ ಶಾರದಳೂ ನಾನೂ ಅವರನ್ನು ನೋಡಲು ಹೊರಟೆವು. ದಾರಿಯಲ್ಲಿ ಮಾರ್ಕೆಟ್ಟಿಗೆ ಇಳಿದು ಒಂದು ಚೀಲ ಅವರೆಕಾಯಿ ಕೊಂಡೆ. ಕೊಳ್ಳುವಾಗ ಎಲ್ಲರ ಹಾಗೆ ನಾನೂ ಕಾಯನ್ನು ಮೂಗಿಗೆ ಹಿಡಿದು, ತಲೆಯಾಡಿಸಿದೆ.

ಮುನಿಯಕ್ಕ ಸೊರಗಿದ್ದರು. ಆದರೂ ಮಗಳನ್ನು ಒಲೆಯ ಹತ್ತಿರ ಬಿಡದೆ ತಾವೇ ಸಾರು ಮಾಡಿ ಬಡಿಸಿದರು. ಉಪ್ಪು, ಖಾರ ನಾಲಗೆಗೆ ತಿಳಿಯಿತು. ಅದರಾಚೆಗೆ ಏನೂ ಇಲ್ಲ. ಅವರು ಎದುರಿಗೇ ಕೂತಿದ್ದರು. "ಏನು ಸೊಗಡು ಮುನಿಯಕ್ಕ! ಹೋದ ವರ್ಷದ್ದೂ ಸೇರಿಸಿ ತಿಂದಂಗಾಯ್ತು" ಎಂದೆ.

ಅವರು ನನ್ನನ್ನೇ ನೋಡಿದರು. "ಇದ್ರಾಗೆ ಸೊಗಡು ಎಲ್ಲದೆ ಸಾರ್? ಯಾರೋ ಹಳೇ ಕಾಯಿ ನಿಮ್ ತಲೆಗೆ ಕಟ್ಟವ್ರೆ. ನಾನೇ ಏನಂದ್ಕೋತೀರೋ ಅಂತ ಕೂತಿದ್ದೆ." ಮತ್ತೇನೂ ಕೇಳದೆ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟರು. ನಾನು ತಲೆಯೆತ್ತಲಿಲ್ಲ. ಆ ವರ್ಷ ಅವರ ಅಂಗೈಗೆ ಅಂಟಿದ್ದ ಎಣ್ಣೆಯೇ ಕಣ್ಣಮುಂದೆ ಬರುತ್ತಿತ್ತು.

ಬಸ್ಸು ಹತ್ತಿ ಎಷ್ಟೋ ದೂರ ಬಂದ ಮೇಲೆ ಶಾರದ ಕೇಳಿದಳು: "ಹಾಗಾದ್ರೆ ಮೊನ್ನೆ ಹುಳಿ ತಳ ಹತ್ತಿದ್ದು?"

"ಗೊತ್ತಾಗ್ಲಿಲ್ಲ."

"ಆಹಾ ಅಂದ್ರಲ್ಲ. ಎರಡು ಸಲ ಬಡಿಸ್ಕೊಂಡ್ರಲ್ಲ."

ಅವಳು ಮನಸ್ಸಿನಲ್ಲಿ ಒಂದೊಂದೇ ದಿನದ ಅಡುಗೆಯನ್ನು ಹಿಂದಕ್ಕೆ ನೆನೆಸಿಕೊಳ್ಳುತ್ತಿದ್ದಾಳೆ ಎಂದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಪೀಣ್ಯ ಇನ್ನೂ ಬಹಳ ದೂರವಿತ್ತು.