ಬಡಿಸಲು ಬಾರದ ಸರ್ವರ್ ಮಹಾಶಯರಿಗೆ

ಮಾನ್ಯ ಸರ್ವರ್ ಮಹಾಶಯರೇ, ಹಾಗೂ ಅವರ ಹೆಗಲ ಮೇಲಿಂದ ಇಣುಕಿ ಈ ಪತ್ರವನ್ನು ಓದುತ್ತಿರುವ ಬಂಧುಮಿತ್ರರೇ,

ಮೊದಲು ನೆರೆದವರಿಗೆ ವಂದನೆ. ಆರು ದಿನದ ಜ್ವರದಲ್ಲಿ ನನ್ನ ಮಗಳು ತೀರಿಕೊಂಡ ಮೇಲಿನ ಈ ನಾಲ್ಕು ತಿಂಗಳಲ್ಲಿ ತಾವೆಲ್ಲ ನಮ್ಮ ಮೆಟ್ಟಿಲು ಸವೆಯುವಷ್ಟು ಸಲ ಬಂದಿದ್ದೀರಿ, ಬಂದಾಗಲೆಲ್ಲ ದನಿ ತಗ್ಗಿಸಿದ್ದೀರಿ, ಹೊರಡುವಾಗ ತಪ್ಪದೆ ನನ್ನ ಬೆನ್ನು ತಟ್ಟಿದ್ದೀರಿ. ಬಂದದ್ದಕ್ಕೆ ಕೃತಜ್ಞ; ತಟ್ಟಿದ್ದನ್ನು ಮಾತ್ರ ಗೌರವಪೂರ್ವಕವಾಗಿ ಹಿಂದಿರುಗಿಸುತ್ತಿದ್ದೇನೆ. ಸಂತಾಪವು ನನಗೆ ಒಗ್ಗುವುದಿಲ್ಲ, ಏಕೆಂದರೆ ಅದಕ್ಕೆ ಪ್ರತಿವಾದ ಹೂಡಲು ಅವಕಾಶವಿಲ್ಲ; ಕಾಲೇಜಿನಲ್ಲಿ ಏಳು ಚರ್ಚಾಸ್ಪರ್ಧೆಗಳನ್ನು ಗೆದ್ದವನಿಗೆ ಎದುರು ಮಾತಿಲ್ಲದ ಮಾತು ಉಪ್ಪಿಲ್ಲದ ಊಟ. ಆದ್ದರಿಂದ ತಾವು ಸಾಕ್ಷಿಗಳಾಗಿ ಕುಳಿತಿರಿ. ನನ್ನ ದೂರು ಸರ್ವರ್ ಮಹಾಶಯರ ಮೇಲೆ.

ಮಹಾಶಯರೇ, ಸರ್ವರ್ ಎಂದರೆ ತಟ್ಟೆ ಹಿಡಿದು ಬರುವವರು ಎಂದೇ ಬಹುಕಾಲ ನಂಬಿದ್ದ ಅಜ್ಞಾನಿ ನಾನು. ಕಂಪ್ಯೂಟರಿನೊಳಗೂ ಒಬ್ಬರು ಸರ್ವರ್ ಇರುತ್ತಾರೆ, ಬರೆದಿಟ್ಟ ಪುಟಗಳನ್ನು ಅವರು ಒಳಗೆ ಬೇಯಿಸಿ ತಂದು ಬಡಿಸಿದರೆ ಮಾತ್ರ ನಮ್ಮ ಕಣ್ಣಿಗೆ ಊಟ ಎಂಬುದನ್ನು ನನಗೆ ತಿಳಿಸಿದವಳು ನನ್ನ ಮಗಳು. ಅವಳ ವೃತ್ತಿ ಕೃತಕ ಹಲ್ಲು ಮಾಡುವುದು. ನನ್ನ ಕೆಳದವಡೆಯ ಎರಡು ಹಲ್ಲುಗಳು ಅವಳದೇ ಕೃತಿಯಾದ್ದರಿಂದ, ಅವಳ ವಿರುದ್ಧ ನಾನು ಮಂಡಿಸಿದ ವಾದಗಳಲ್ಲಿ ಒಂದು ಪಾಲು ಅವಳ ಕೊಡುಗೆಯೆಂದೇ ಹೇಳಬೇಕು. ನಾವಿಬ್ಬರೂ ಊಟದ ಮೇಜಿನಲ್ಲಿ ಪ್ರತಿದಿನ ವಾದಿಸುತ್ತಿದ್ದೆವು. ನನ್ನ ಹೆಂಡತಿ ಪ್ರತಿದಿನ "ಇಬ್ರೂ ಬೀದೀಲಿ ನಿಂತು ಕಚ್ಚಾಡಿ ಬನ್ನಿ, ಊಟ ಆರ್ತಿದೆ" ಎನ್ನುತ್ತಿದ್ದಳು. ಇದಕ್ಕೊಂದು ವ್ಯವಸ್ಥೆ ಇರಲೆಂದು ಮಗಳು ಒಂದು ಚರ್ಚಾಸಭೆಯನ್ನೇ ಬರೆದಳು: ವಿಷಯ, ಪರ, ವಿರೋಧ, ತಲಾ ಮೂರು ನಿಮಿಷ, ಗಂಟೆ, ಕೊನೆಗೆ ಅಮ್ಮನ ತೀರ್ಪು. ಅದು ಅವಳು ಕೆಲಸಕ್ಕಿದ್ದ ಹಲ್ಲಿನ ಲ್ಯಾಬಿನ ಮೂಲೆಯಲ್ಲಿದ್ದ ಕಂಪ್ಯೂಟರಿನಲ್ಲಿತ್ತು. ಆ ಮೂಲೆಯಲ್ಲಿ ತಾವು ವಿರಾಜಮಾನರಾಗಿದ್ದಿರಿ. ನಾವು ಮನೆಯಲ್ಲಿ ಫೋನು ತೆರೆದರೆ ತಾವು ಅಲ್ಲಿಂದ ಬಡಿಸುತ್ತಿದ್ದಿರಿ.

ಕೊನೆಯ ವಿಷಯ: 'ಊಟದ ಮೇಜನ್ನು ಕಿಟಕಿಯ ಪಕ್ಕಕ್ಕೆ ಸರಿಸಬೇಕು.' ಅವಳು ಪರ, ನಾನು ವಿರೋಧ. ಮೇಜು ಇಪ್ಪತ್ತೆರಡು ವರ್ಷದಿಂದ ಇದ್ದಲ್ಲೇ ಇದೆ, ದೀಪದ ವೈರು ಕಿಟಕಿಯವರೆಗೆ ಎಟುಕುವುದಿಲ್ಲ ಎಂಬ ಬಲವಾದ ಆಧಾರಗಳು ನನ್ನಲ್ಲಿದ್ದವು. ಜ್ವರ ಬರುವ ಹಿಂದಿನ ದಿನ ಅವಳು ತನ್ನ ವಾದವನ್ನು ಬರೆದು ಮುಗಿಸಿದಳು. ನಾನು ಅದನ್ನು ತೆರೆದೂ ನೋಡಲಿಲ್ಲ. ಎದುರಾಳಿಯನ್ನು ಕಾಯಿಸುವುದೂ ಒಂದು ತಂತ್ರವೆಂದು ನಾಲ್ಕು ಜನರಿಗೆ ಪಾಠ ಹೇಳಿದವನು ನಾನು.

ಆಮೇಲೆ ಆ ಕಂಪ್ಯೂಟರು ಬೇರೆ ಕೆಲಸಕ್ಕೆ ಬೇಕಾಯಿತು; ಲ್ಯಾಬಿನವರು ಅದರಲ್ಲಿದ್ದುದನ್ನೆಲ್ಲ ಅಳಿಸುವ ಮೊದಲು ಅವಳ ಹನ್ನೊಂದು ಕಡತಗಳನ್ನು ಒಂದು ಪೆನ್‌ಡ್ರೈವಿನಲ್ಲಿ ಹಾಕಿ, ಲಕೋಟೆಯಲ್ಲಿಟ್ಟು ಕಳಿಸಿದರು. ಎಲ್ಲವೂ ಬಂತು. ತಾವೊಬ್ಬರು ಬರಲಿಲ್ಲ.

ಅವಳ ವಾದವಿದ್ದ ಹನ್ನೊಂದನೆಯ ಕಡತವನ್ನು ತೆರೆದರೆ ಅಕ್ಷರಗಳ ಬದಲು ಬರೀ ಚೌಕಗಳ ಸಾಲು. ಉಳಿದವುಗಳನ್ನು ತೆರೆದರೆ ಸಭೆಯ ಬದಲು ಸಭೆಯ ಕಬ್ಬಿಣ, ಇಟ್ಟಿಗೆ, ಮರಳು: ಅಂದರೆ ಅವಳು ಬರೆದ ಆದೇಶಗಳು, ಬರೆದ ಹಾಗೆಯೇ. ನನ್ನ ಭಾವಮೈದನು "ಭಾವ, ಮೇಲ್ಗಡೆ ಲೋಕಲ್‌ಹೋಸ್ಟ್ ಅಂತ ಹಾಕಿ" ಎಂದ. ಅದರ ಅರ್ಥ ಕೇಳಿದೆ. ಹೋಸ್ಟ್ ಎಂದರೆ ಆತಿಥೇಯ, ಲೋಕಲ್‌ಹೋಸ್ಟ್ ಎಂದರೆ ಈ ಮನೆಯ ಈ ಯಂತ್ರವೇ ಎಂದ. ಹಾಕಿದೆ. ಆತಿಥೇಯರು ಸಂಪರ್ಕವನ್ನು ನಿರಾಕರಿಸಿದ್ದಾರೆ ಎಂಬ ಉತ್ತರ ಬಂತು. ನನ್ನ ಮನೆಯಲ್ಲಿ, ನನ್ನ ಮೇಜಿನ ಮೇಲೆ, ನನ್ನದೇ ವಿದ್ಯುತ್ತನ್ನು ಉಣ್ಣುತ್ತಿರುವ ಆತಿಥೇಯರು! ಸೌಜನ್ಯದ ಕೊರತೆಯಾಯಿತೇನೋ ಎಂದು ಅದೇ ಜಾಗದಲ್ಲಿ 'ದಯವಿಟ್ಟು' ಎಂದು ಸೇರಿಸಿಯೂ ನೋಡಿದೆ. ಅಂಥ ವಿಳಾಸವೇ ಇಲ್ಲವಂತೆ.

ಬೇರೆ ದಾರಿಯಿಲ್ಲದೆ ನಾನು ಆ ಇಟ್ಟಿಗೆ ಮರಳನ್ನೇ ಓದಲು ಕುಳಿತೆ, ಒಂಬತ್ತು ದಿನ. ಮಹಾಶಯರೇ, ತಮ್ಮ ಗುಟ್ಟು ರಟ್ಟಾದದ್ದು ಆಗಲೇ. ಆದೇಶಗಳ ನಡುನಡುವೆ ಎರಡು ಓರೆಗೆರೆ ಎಳೆದು ಆರಂಭಿಸಿದ ಸಾಲುಗಳಿದ್ದವು. ಅವು ಬರೆಯುವವರು ತಮಗಾಗಿ ಬರೆದುಕೊಳ್ಳುವ ಟಿಪ್ಪಣಿಗಳೆಂದೂ, ತಾವು ಅವುಗಳನ್ನು ಅಡುಗೆಮನೆಯಲ್ಲೇ ಉಳಿಸಿಕೊಂಡು ಮಿಕ್ಕಿದ್ದನ್ನು ಮಾತ್ರ ಹೊರಗೆ ತರುತ್ತೀರೆಂದೂ ತಿಳಿಯಿತು. ಒಂದು ಕಡೆ: "// ಈ ಸಾಲು ಥೇಟ್ ಅಪ್ಪ. ಯಾಕಿದೆ ಗೊತ್ತಿಲ್ಲ, ತೆಗೆದ್ರೆ ಏನೂ ನಡೆಯಲ್ಲ." ಇನ್ನೊಂದು ಕಡೆ: "// ಸೋಲೊಪ್ಪೋ ಬಟನ್. ಅಪ್ಪ ಒತ್ತೋದು ಅಷ್ಟರಲ್ಲೇ ಇದೆ. ಇರ್ಲಿ, ನೋಡೋಕೆ ಚೆನ್ನಾಗಿದೆ." ಗಂಟೆಯ ಕಡತದಲ್ಲಿ: "// ಅಪ್ಪಂಗೆ ಮೂರಲ್ಲ, ನಾಕು ನಿಮಿಷ. ಹಲ್ಲು ಹೊಸದು, ಪಾಪ ತಡವರಿಸ್ತಾರೆ. ಯಾರೂ ಬಾಯಿ ಬಿಡ್ಬೇಡಿ."

ಏಳು ಪಾರಿತೋಷಕಗಳ ಒಡೆಯನು ಎರಡು ವರ್ಷ ಕಾಲ ರಿಯಾಯಿತಿಯ ನಿಮಿಷದಲ್ಲಿ ಗೆದ್ದು ಬೀಗಿದ ಸಂಗತಿಯನ್ನು ತಾವು ಇಷ್ಟು ದಿನ ಬಲ್ಲವರಾಗಿದ್ದೂ ತುಟಿ ಬಿಚ್ಚಲಿಲ್ಲ. ತಮ್ಮ ನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ಅಂಥ ಸಾಲುಗಳನ್ನು ಲೋಕದ ಅಪ್ಪಂದಿರಿಂದ ಮುಚ್ಚಿಟ್ಟ ತಾವು, ಅವೆಲ್ಲವನ್ನೂ ಒಂದೂ ಬಿಡದಂತೆ ಆಯಾ ವಿಳಾಸಗಳಿಗೆ ಖುದ್ದಾಗಿ ನಡೆದು ಹೋಗಿ, ಚಪ್ಪಲಿ ಹೊರಗೆ ಬಿಟ್ಟು ತಲುಪಿಸಬೇಕೆಂದು ವಿನಂತಿಸುತ್ತೇನೆ.

ಕೊನೆಗೆ ಪೆನ್‌ಡ್ರೈವನ್ನು ನನ್ನ ಯಂತ್ರದ ಸಮೇತ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯಾಕೆ ತುರುಬಿಗೆ ಸಿಕ್ಕಿಸಿಕೊಂಡಿದ್ದ ಸ್ಕ್ರೂಡ್ರೈವರನ್ನು ಕೂಡ ತೆಗೆಯದೆ ನಕ್ಕಳು. "ಅಯ್ಯೋ ಯಜಮಾನ್ರೇ, ಸರ್ವರ್ ಬೇಕೇ ಬೇಕು ಅಂದೋರ್ಯಾರು? ಉಣ್ಣೋರು ಒಬ್ರು, ಬಡಿಸೋಕೊಬ್ಬ ಆಳು ಬೇರೆ ಕೇಡು. ಪಾತ್ರೆಯಿಂದ್ಲೇ ಹಾಕ್ಕೊಳ್ಳಿ." ಮಗಳ ಆದೇಶಗಳ ಭಾಷೆಯನ್ನು ಬಲ್ಲ ಒಂದು ಸಣ್ಣ ತಂತ್ರಾಂಶವನ್ನು ನನ್ನ ಯಂತ್ರಕ್ಕೆ ಹಾಕಿ, ಪರದೆಯ ಮೇಲೆ ತೆರೆದ ಕಪ್ಪು ಕಿಟಕಿಯೊಂದರಲ್ಲಿ ಒಂದೇ ಸಾಲು ಬರೆದಳು. ಇಂಟರ್ನೆಟ್ಟಿನ ತಂತಿಯನ್ನು ಕಿತ್ತು ಕೈಯಲ್ಲಿ ಹಿಡಿದು ತೋರಿಸಿದಳು. ಸಭೆ ಎದ್ದು ನಿಂತಿತು. ಬಡಿಸುವವನು ನಮ್ಮವನಾದರೆ ಯಾವ ಪಂಕ್ತಿಯಾದರೇನು ಎನ್ನುತ್ತಾರೆ. ಬಡಿಸುವವನೇ ಇಲ್ಲದ ಪಂಕ್ತಿಯನ್ನು ನಾನು ಅಂದು ಕಂಡೆ.

ಮನೆಗೆ ಬಂದು ಅದೇ ಮೇಜಿನಲ್ಲಿ ತೆರೆದೆ. ಓರೆಗೆರೆಯ ಸಾಲುಗಳೆಲ್ಲ ಮಾಯವಾಗಿದ್ದವು. ಪುಟ ತೊಳೆದಿಟ್ಟ ತಟ್ಟೆಯಷ್ಟು ಶುಚಿಯಾಗಿತ್ತು. ಅದರಲ್ಲಿ ಅವಳ ವಾದ, ಪೂರ್ತಿಯಾಗಿ ಇಷ್ಟೇ: "ಅಮ್ಮ ಇಪ್ಪತ್ತೆರಡು ವರ್ಷದಿಂದ ಗೋಡೆಗೆ ಮುಖ ಮಾಡಿ ಊಟ ಮಾಡ್ತಿದಾಳೆ. ನನ್ನ ಮಾತು ಮುಗೀತು. ಉಳಿದ ಟೈಮು ಅಪ್ಪಂಗೆ ದಾನ." ಅದರ ಕೆಳಗೆ, ವಿರೋಧ ಪಕ್ಷದವರು ಮಾತನಾಡಬಹುದು ಎಂಬ ಸೂಚನೆ, ಮತ್ತು ಓಡತೊಡಗಿದ ಗಡಿಯಾರ.

ಮೂರು ನಿಮಿಷ ಕಳೆಯಿತು. ಗಂಟೆ ಹೊಡೆಯಲಿಲ್ಲ. ಯಾಕೆ ಹೊಡೆಯಲಿಲ್ಲವೆಂದು ಈಗ ನನಗೆ ಗೊತ್ತಿತ್ತು. ಆ ನಾಲ್ಕನೆಯ ನಿಮಿಷದುದ್ದಕ್ಕೂ ನಾನು ಎದುರಿನ ಗೋಡೆಯನ್ನು, ಅಂದರೆ ನನ್ನ ಹೆಂಡತಿ ದಿನವೂ ನೋಡುವ ಗೋಡೆಯನ್ನು, ಅವಳ ಕುರ್ಚಿಯಲ್ಲಿ ಕುಳಿತು ನೋಡಿದೆ. ಅಲ್ಲಿ ನೋಡುವುದಕ್ಕೆ ಒಂದು ಮೊಳೆಯಿದೆ.

ಬಂಧುಮಿತ್ರರೇ, ಈ ಸಭೆಯನ್ನು ದೊಡ್ಡದೊಂದು ಸರ್ವರಿನಲ್ಲಿ ಇರಿಸಿ ಅವಳ ಹೆಸರಿನಲ್ಲಿ ಲೋಕಕ್ಕೆಲ್ಲ ತೆರೆಯಬೇಕೆಂದು ನನ್ನ ಭಾವಮೈದನೂ ತಾವೂ ಒಕ್ಕೊರಲಿನಿಂದ ಒತ್ತಾಯಿಸಿದ್ದೀರಿ. ಯಾರನ್ನೂ ಕೇಳದೆ, ನನ್ನ ಹೆಂಡತಿಯನ್ನೂ ಕೇಳದೆ, ನಾನೊಬ್ಬನೇ ತೀರ್ಮಾನಿಸಿದ್ದೇನೆ. ಸಭೆ ಎಲ್ಲಿಗೂ ಹೋಗುವುದಿಲ್ಲ. ತಂತಿ ಕಿತ್ತ ಈ ಯಂತ್ರದಲ್ಲಿ, ಈ ಮನೆಯಲ್ಲೇ ಇರುತ್ತದೆ. ನಾಳೆ ಬೆಳಿಗ್ಗೆ ಸೋಲೊಪ್ಪುವ ಆ ಬಟನ್ನನ್ನು ಒತ್ತುತ್ತೇನೆ. ಮಧ್ಯಾಹ್ನದ ಊಟದ ಹೊತ್ತಿಗೆ ಮೇಜು ಕಿಟಕಿಯ ಪಕ್ಕದಲ್ಲಿರುತ್ತದೆ. ವೈರು ಎಟುಕದು, ಹಗಲಿರುವಾಗಲೇ ಉಣ್ಣುತ್ತೇವೆ.

ಇಂತಿ, ತಾವು ಬಡಿಸದಿದ್ದರೂ ಉಂಡು ಕೈ ತೊಳೆದ
ತಮ್ಮ ವಿಶ್ವಾಸಿ,
ಲೋಕಲ್‌ಹೋಸ್ಟ್

ವಿ.ಸೂ.: ಮಹಾಶಯರೇ, ಈ ದೂರಿಗೆ ಉತ್ತರಿಸಲು ತಮಗೆ ನಿಯಮದಂತೆ ಮೂರು ನಿಮಿಷಗಳಿವೆ. ನಾಲ್ಕನೆಯದನ್ನು ಗುಟ್ಟಾಗಿ ಸೇರಿಸಿಕೊಡಲು ತಮ್ಮ ಕಡೆ ಯಾರಾದರೂ ಇದ್ದಾರೆಯೇ, ವಿಚಾರಿಸಿಕೊಳ್ಳಿ.